ಮೊದಲು ಉಸಿರು, ಆಮೇಲೆ ಹಾಡು

ವಿಜಯವಾಡದಿಂದ ಸುಮಂತನ ಹೆಂಡತಿ ಹೇಮಾಕ್ಷಿಯ ಫೋನು ಬಂದಾಗ ಸುಗುಣಾಕರರು ಕನ್ನಡಿಯ ಮುಂದೆ ನಿಂತು, ಕುತ್ತಿಗೆಯಲ್ಲಿರುವ ತೂತಿನ ಅಂಚನ್ನು ಒದ್ದೆ ಅರಿವೆಯಿಂದ ಒರೆಸಿಕೊಳ್ಳುತ್ತಿದ್ದರು. ಹಲ್ಲುಜ್ಜಿ ಮುಖ ತೊಳೆಯುವಷ್ಟೇ ಸಹಜವಾಗಿ ಆ ಕೆಲಸವೂ ಅವರ ಮುಂಜಾನೆಯೊಳಗೆ ಸೇರಿಹೋಗಿತ್ತು. ಫೋನನ್ನು ಹೆಂಡತಿ ಸುಕುಮಾರಿಯೇ ಎತ್ತಿಕೊಂಡರು. ಸುಗುಣಾಕರರು ಫೋನು ಎತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು. ಕುತ್ತಿಗೆಗೆ ಒತ್ತಿ ಹಿಡಿದು ಮಾತನಾಡುವ ಅವರ ಯಂತ್ರದ ಗುಂಯ್ಗುಡುವ ದನಿಯನ್ನು ಕೇಳಿದವರು, ಯಾವುದೋ ಬ್ಯಾಂಕಿನ ರೆಕಾರ್ಡು ಮಾಡಿದ ಕರೆಯೆಂದು ತಿಳಿದು ಕಟ್ ಮಾಡಿಬಿಡುತ್ತಿದ್ದರು.

"ಸುಮಂತ್ ಆಪರೇಶನ್ ಬ್ಯಾಡ ಅನ್ನಾಕತ್ತಾನಂತ್ರಿ," ಎಂದರು ಸುಕುಮಾರಿ, ಫೋನಿನ ಮೇಲೆ ಕೈ ಮುಚ್ಚಿಕೊಂಡು. "ಇವತ್ತ ಸಂಜೀಕ ದವಾಖಾನಿ ಬಿಟ್ಟು ಹೋಗ್ತಾನಂತ. ಪ್ರಾರ್ಥನಿ ಮಂದಿ ಕಾರ್ ತರ್ತಾರಂತ. ಹೇಮಾಕ್ಷಿ ಅಳಾಕತ್ತಾಳ."

ಸುಗುಣಾಕರರು ಕಿಟಕಿಯ ಮೇಲಿದ್ದ ಯಂತ್ರವನ್ನು ತೆಗೆದು ಕುತ್ತಿಗೆಗೆ ಒತ್ತಿಕೊಂಡರು.

"ಬರ್ತೀನಿ ಅಂತ ಹೇಳು."

"ಚಹಾ ಆದ್ರೂ ಕುಡೀರಿ."

"ರೈಲು ಚಹಾ ಕುಡಿಯೂದಿಲ್ಲ."

ಸುಕುಮಾರಿ ನಗಲಿಲ್ಲ. ತಾವೇ ಹೆಣೆದ ಬಿಳಿಯ ನೂಲಿನ ಕೊರಳಪಟ್ಟಿಯನ್ನು ಗಂಡನ ಕುತ್ತಿಗೆಗೆ ಕಟ್ಟಿ, ಇನ್ನೆರಡನ್ನು ಚೀಲದಲ್ಲಿ ಇಟ್ಟರು. ಸುಮಂತ್ ಅವರ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಆದರೆ ಮಕ್ಕಳಿಲ್ಲದ ಆ ಮನೆಯಲ್ಲಿ ಊಟ ಮಾಡಿ, ಹಾಡಿ, ಬೈಸಿಕೊಂಡು ಬೆಳೆದವನು.

ಸುಗುಣಾಕರರು ಗದಗ-ಬೆಟಗೇರಿಯ ಕಡೆಯವರು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ಬಂದು, ನಿವೃತ್ತರಾದ ಮೇಲೂ ಗಾಜುವಾಕದಲ್ಲಿಯೇ ಉಳಿದುಕೊಂಡರು. ಕಾಯ್ದ ಕಬ್ಬಿಣದ ತೊಲೆಗಳು ಉರುಳುವ ಅಬ್ಬರದ ಮೇಲೂ ಕೇಳಿಸುವಂಥ ಗಂಟಲು ಅವರದಾಗಿತ್ತು. "ಸುಗುಣಾಕರ್ ಇದ್ದ ಪಾಳಿಯಲ್ಲಿ ಸೈರನ್ ಬೇಕಾಗಿಲ್ಲ," ಎಂದು ತೆಲುಗಿನ ಗೆಳೆಯರು ಚೇಷ್ಟೆ ಮಾಡುತ್ತಿದ್ದರು. ಭಾನುವಾರ ಮಧ್ಯಾಹ್ನ, ಚರ್ಚಿನಲ್ಲಿ ತೆಲುಗಿನವರ ಆರಾಧನೆ ಮುಗಿದ ಮೇಲೆ, ಅದೇ ದೇವಾಲಯದ ಹಿಂದಿನ ಸಭಾಂಗಣದಲ್ಲಿ ಊರಿನ ಕೆಲವೇ ಕನ್ನಡ ಕ್ರೈಸ್ತ ಕುಟುಂಬಗಳು ಸೇರುತ್ತಿದ್ದವು. ಅಲ್ಲಿ ಅದೇ ಗಂಟಲು ಹಾಡಾಗುತ್ತಿತ್ತು. ಮಕ್ಕಳ ಗಾನವೃಂದವನ್ನು ಕಟ್ಟಿದವರು ಅವರೇ. ಆ ಮಕ್ಕಳಿಗೆ ಕನ್ನಡ ಓದಲು ಬರುತ್ತಿರಲಿಲ್ಲವಾದ್ದರಿಂದ ಕನ್ನಡದ ಕೀರ್ತನೆಗಳನ್ನು ತೆಲುಗಿನ ಲಿಪಿಯಲ್ಲಿ ಬರೆದುಕೊಟ್ಟು ಕಲಿಸಿದರು.

ಅವರ ಕಲಿಸುವ ಕ್ರಮವೊಂದಿತ್ತು. ಎಲ್ಲರೂ ನಿಂತ ಮೇಲೆ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಸುಗುಣಾಕರರ ಬಲಗೈ ಮೆಲ್ಲನೆ ಮೇಲೇರುವಾಗ ಎಲ್ಲರೂ ಉಸಿರನ್ನು ಎಳೆದುಕೊಳ್ಳಬೇಕು. ಕೈ ಇಳಿಯುವಾಗ ಬಿಡಬೇಕು. ಸಭಾಂಗಣವೆಲ್ಲ ಒಂದೇ ಎದೆಯಾಗಿ ಏರಿ ಇಳಿಯುವವರೆಗೆ ಸ್ವರವೆತ್ತಲು ಅಪ್ಪಣೆಯಿಲ್ಲ. "ಮೊದಲು ಉಸಿರು, ಆಮ್ಯಾಲ ಹಾಡು," ಎಂದು ಗದರಿಸುವರು. ಎಲ್ಲರಿಗಿಂತ ಹೆಚ್ಚು ಚಡಪಡಿಸುತ್ತಿದ್ದವನು ಸುಮಂತ್. ಬಳ್ಳಾರಿಯಿಂದ ಬಂದ ರಾಜಮ್ಮ ಎಂಬ ದಾದಿಯ ಒಬ್ಬನೇ ಮಗ. ಆ ತಾಯಿ ಈಗಿಲ್ಲ. ಹಾಡಿನಿಂದಲೇ ಅವನು ಬೆಳೆದ. ಹಾಡಿನಿಂದಲೇ ವಿಜಯವಾಡದ ಒಂದು ದೊಡ್ಡ ಪ್ರಾರ್ಥನಾ ಸಂಘದಲ್ಲಿ ಮುಖ್ಯ ಗಾಯಕನಾದ. ಮಂಗಳಗಿರಿಯ ನೇಕಾರರ ಮನೆಯ ಹೇಮಾಕ್ಷಿಯು ಮೆಚ್ಚಿ ಮದುವೆಯಾದದ್ದೂ ಆ ಹಾಡನ್ನು ಕೇಳಿಯೇ.

ಈಗ ಆ ಗಂಟಲಿನಲ್ಲಿಯೇ ಗೆಡ್ಡೆ.

ರೈಲು ಅನಕಾಪಲ್ಲಿಯಲ್ಲಿ ನಿಂತಿತು. ಎದುರಿಗೆ ಕುಳಿತಿದ್ದ ಹೆಂಗಸು ಬೆಲ್ಲದ ವಾಸನೆ ಬಂತೆಂದು ಮಗಳಿಗೆ ಹೇಳಿದಳು. ಸುಗುಣಾಕರರು ಅಭ್ಯಾಸಬಲದಿಂದ ಮೂಗನ್ನು ಹಿಗ್ಗಿಸಿದರು. ಏನೂ ಬರಲಿಲ್ಲ. ಮೂಗಿನಿಂದ ಉಸಿರಾಡದವರಿಗೆ ಬೆಲ್ಲವೂ ಒಂದೇ, ಡಾಂಬರೂ ಒಂದೇ. ಆರು ವರ್ಷಗಳ ಹಿಂದೆ ಗಂಟಲಿನ ಪೆಟ್ಟಿಗೆಯನ್ನು ತೆಗೆದುಹಾಕಿದಾಗ ಅವರಿಂದ ಹೋದದ್ದು ದನಿಯೊಂದೇ ಅಲ್ಲ. ಬಿಸಿ ಚಹಾವನ್ನು ಊದಿ ಕುಡಿಯುವಂತಿಲ್ಲ. ಸಮುದ್ರಕ್ಕೆ ಇಳಿಯುವಂತಿಲ್ಲ. ಕೆಮ್ಮು ಬಂದರೆ ಬಾಯಿಗೆ ಬದಲು ಕುತ್ತಿಗೆಗೆ ಕೈ ಹಿಡಿಯಬೇಕು.

ಅದೆಲ್ಲವನ್ನೂ ಸಹಿಸಿಕೊಂಡಿದ್ದರು. ಸಹಿಸಲಾಗದೇ ಹೋದದ್ದು ಭಾನುವಾರ. ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕುಳಿತು, ತಾವೇ ಕಲಿಸಿದ ಹಾಡನ್ನು ಮಕ್ಕಳು ಶ್ರುತಿ ತಪ್ಪಿ ಹಾಡುವುದನ್ನು ಕೇಳಬೇಕಾಗಿತ್ತು. ನಾನು ಹಾಡಲಿಕ್ಕೆಂದೇ ಹುಟ್ಟಿದವನೆಂದು ಅವರು ನಂಬಿದ್ದರು. ದೇವರಿಗೆ ನನ್ನಿಂದ ಬೇಕಾದದ್ದು ಹಾಡೇ ಎಂದು ನಂಬಿದ್ದರು. ಹಾಡು ಹೋದ ಮೇಲೆ ಈ ದೇಹವನ್ನು ಉಳಿಸಿ ಇಟ್ಟದ್ದಾದರೂ ಯಾಕೆ? ಕೆಲವು ತಿಂಗಳಾದ ಮೇಲೆ ಅವರು ಆರಾಧನೆಗೆ ಹೋಗುವುದನ್ನೇ ಬಿಟ್ಟರು. ಸುಕುಮಾರಿ ಒಬ್ಬರೇ ಹೋಗುತ್ತಿದ್ದರು. ಸುಗುಣಾಕರರು ಬಸ್ಸು ಹಿಡಿದು ಬಂದರಿನ ಪಕ್ಕದ ಗುಡ್ಡದ ಮೇಲಿರುವ ಇಗರ್ಜಿಯ ಮೆಟ್ಟಿಲಿನ ಮೇಲೆ ಹೋಗಿ ಕೂಡುತ್ತಿದ್ದರು. ಅದು ಅವರ ಪಂಗಡದ ದೇವಾಲಯವಲ್ಲ. ಆದ್ದರಿಂದಲೇ ಅಲ್ಲಿ ಯಾರೂ ಅವರನ್ನು ಗುರುತಿಸುತ್ತಿರಲಿಲ್ಲ. ಕೆಳಗೆ ದೊಡ್ಡ ಹಡಗುಗಳು ಕಿರಿದಾದ ಕಾಲುವೆಯೊಳಗೆ ಬರುತ್ತಿದ್ದವು. ಎಳೆಯುವ ಪುಟ್ಟ ದೋಣಿಗಳು ಅವಕ್ಕೆ ಮೈ ತಾಗಿಸಿ, ಅಕ್ಕಪಕ್ಕದಲ್ಲಿಯೇ ಸಾಗುತ್ತಿದ್ದವು.

ಮೊದಮೊದಲು ಅವರು ಅಲ್ಲಿ ದೇವರೊಂದಿಗೆ ಜಗಳವಾಡಿದರು. ಜಗಳವಾಡುವುದಕ್ಕೂ ದನಿ ಬೇಕಲ್ಲ! ತುಟಿ ಅಲುಗಿಸಿ ಅಲುಗಿಸಿ ಸೋತರು. ಒಂದು ಮಧ್ಯಾಹ್ನ ಗಾಳಿ ಪೂರ್ತಿಯಾಗಿ ನಿಂತಿತ್ತು. ಆ ಸುಮ್ಮನಿರುವಿಕೆಯಲ್ಲಿ ಅವರಿಗೆ ಒಂದು ಸದ್ದು ಕೇಳಿಸಿತು: ತಮ್ಮ ಕುತ್ತಿಗೆಯಿಂದಲೇ ಹೊರಬೀಳುವ, ಒಳಗೆ ಹೋಗುವ ಉಸಿರು. ಇಷ್ಟು ವರ್ಷ ಪ್ರಾರ್ಥನೆಯೆಂದರೆ ತಾವು ಮಾತನಾಡುವುದು, ದೇವರು ಕೇಳುವುದು ಎಂದು ತಿಳಿದಿದ್ದವರಿಗೆ ಅಂದು ಮೊಟ್ಟಮೊದಲ ಸಲ ಹೇಳುವಂಥದು ಏನೂ ಇರಲಿಲ್ಲ. ಏನೂ ಹೇಳದೆ ಕುಳಿತರು. ಪಕ್ಕದಲ್ಲಿ ಯಾರೋ ಕುಳಿತಂತಾಯಿತು. ದರ್ಶನವಲ್ಲ, ಅಶರೀರವಾಣಿಯಲ್ಲ, ನಂಬುಗೆಯ ಒಬ್ಬರು ಬೆಂಚಿನ ಇನ್ನೊಂದು ತುದಿಗೆ ಬಂದು ಕುಳಿತು, ತಾವೂ ಮಾತನಾಡದೆ ಇದ್ದಂತೆ. ಹಡಗು ದಡ ಸೇರುವವರೆಗೂ ಅವರು ಹಾಗೆಯೇ ಕುಳಿತಿದ್ದು, ಮನೆಗೆ ಬಂದು ಸುಕುಮಾರಿಯ ಕೈಯಿಂದ ಉಪ್ಪಿಟ್ಟು ಕೇಳಿ ತಿಂದರು.

ಅದಾದ ಕೆಲವೇ ದಿನಗಳಲ್ಲಿ ಅವರಿಗೆ ಚಿಕಿತ್ಸೆ ಮಾಡಿದ್ದ ಡಾಕ್ಟರ್ ಲಕ್ಷ್ಮೀಕಾಂತಮ್ಮ ಹೇಳಿಕಳುಹಿಸಿದರು: ದನಿ ಕಳೆದುಕೊಳ್ಳಲಿರುವ ಒಬ್ಬ ಮೀನುಗಾರ ಹೆದರಿ ಕುಳಿತಿದ್ದಾನೆ, ಸುಮ್ಮನೆ ಅವನ ಪಕ್ಕದಲ್ಲಿ ಬಂದು ಕೂಡುತ್ತೀರಾ? ಸುಮ್ಮನೆ ಪಕ್ಕದಲ್ಲಿ ಕೂಡುವುದೆಂದರೇನೆಂದು ಆಗಷ್ಟೇ ಕಲಿತುಕೊಂಡಿದ್ದ ಸುಗುಣಾಕರರು ಹೋದರು. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಡಾಕ್ಟರು ವಿಜಯವಾಡಕ್ಕೆ ಬದಲಾದರೂ ಕರೆ ನಿಲ್ಲಲಿಲ್ಲ. ಬೆಳಗ್ಗೆ ಎದ್ದಾಗ ತಾನು ಯಾಕೆ ಬದುಕಿದ್ದೇನೆಂದು ಕೇಳಿಕೊಳ್ಳುವುದನ್ನು ಅವರು ಯಾವಾಗ ಬಿಟ್ಟರೋ ಅವರಿಗೇ ತಿಳಿಯದು.

ಆದರೆ ಇಂದು ಅವರಿಗೆ ಭಯವಾಗುತ್ತಿತ್ತು. ಗೋದಾವರಿಯ ಸೇತುವೆಯ ಮೇಲೆ ರೈಲು ಗಡಗಡಿಸುವಾಗ ಅವರು ಕಣ್ಣು ಮುಚ್ಚಿಕೊಂಡರು. ಅಪರಿಚಿತರ ಪಕ್ಕದಲ್ಲಿ ಕುಳಿತುಬಿಡಬಹುದು. ಈ ಹುಡುಗನನ್ನು ಉಳಿಸಿಕೊಳ್ಳಬೇಕಾಗಿದೆ.

ಆಸ್ಪತ್ರೆಯ ಬಾಗಿಲಿನಲ್ಲಿಯೇ ಹೇಮಾಕ್ಷಿ ಕಾದಿದ್ದಳು. ಅತ್ತೆಯಿಂದ ಕಲಿತ ಅವಳ ಕನ್ನಡವು ಅವಸರದಲ್ಲಿ ಅರ್ಧಕ್ಕರ್ಧ ತೆಲುಗಾಗುತ್ತಿತ್ತು.

"ಮಾವಯ್ಯಗಾರು, ಬಂದ್ರಾ! ಬ್ಯಾಗು ಕಟ್ಟಿ ಕೂತಿದಾರಂಡಿ. ನನ್ನ ಮಾತು ಕೇಳೋದೇ ಲೇದು."

ಡಾಕ್ಟರ್ ಲಕ್ಷ್ಮೀಕಾಂತಮ್ಮ ಮೊಗಸಾಲೆಯಲ್ಲಿ ಸಿಕ್ಕರು. ಬಳ್ಳಾರಿಯಲ್ಲಿ ಓದಿದವರಾದ್ದರಿಂದ ಕನ್ನಡದಲ್ಲಿಯೇ, ದನಿ ತಗ್ಗಿಸಿ ಹೇಳಿದರು: "ಅವರ ಉಸಿರಿನ ದಾರಿ ಎಳನೀರಿನ ಸ್ಟ್ರಾ ಇರ್ತದಲ್ಲ, ಅಷ್ಟೇ ಉಳಿದದೆ. ನಾಳೆ ಬೆಳಿಗ್ಗೆ ಮಾಡ್ಲೇಬೇಕು. ಇವತ್ತು ಹೊರಗೆ ಹೋದ್ರೆ, ದಾರೀಲೇ ಏನಾದ್ರೂ ಆದ್ರೆ ನಾನು ಅಲ್ಲಿರೋದಿಲ್ಲ. ಕಟ್ಟಿಹಾಕೋಕೆ ನನಗೆ ಅಧಿಕಾರ ಇಲ್ಲ ಸುಗುಣಾಕರ್ ಗಾರು. ಅವರೇ ಒಪ್ಪಬೇಕು."

ಸುಮಂತ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಂಚದ ಅಂಚಿನಲ್ಲಿ ಬೂಟು ಹಾಕಿಕೊಂಡು ಕುಳಿತಿದ್ದ. ಉಸಿರು ಎಳೆದಾಗಲೆಲ್ಲ ಗಂಟಲಿನಲ್ಲಿ ಸಣ್ಣ ಸಿಳ್ಳೆಯಂಥ ಸದ್ದು. ಸುಗುಣಾಕರರ ಕಿವಿಗೆ ಅದು ಬಾಗಿಲಿನಿಂದಲೇ ಬಿತ್ತು.

"ಕಾಕಾ, ನಿಮ್ಮನ್ನ ಯಾಕ ಕರೆಸಿದ್ಲು ಈಕಿ? ಇಷ್ಟು ದೂರ!" ಅವನ ದನಿ ಒಡೆದ ಕೊಳಲಿನಂತೆ ಇತ್ತು.

"ಪರ್ವಾಲೇದು. ಗೋದಾವರಿ ನೋಡಿದಂಗಾತು," ಎಂದಿತು ಯಂತ್ರ. ಸುಗುಣಾಕರರು ಅವನ ಎದುರಿನ ಸ್ಟೂಲಿನ ಮೇಲೆ ಕುಳಿತರು. "ಎಲ್ಲಿಗೆ ಹೊಂಟೀದೀ?"

"ಪ್ರಾರ್ಥನೆಗೆ. ಉಪವಾಸ ಹಿಡಿದು ನನಗಾಗಿ ಎಲ್ಲಾರೂ ಕಾಯ್ತಾ ಇದಾರ. ನಾನು ವಾಸಿ ಆಗ್ತೀನಿ ಕಾಕಾ. ದೇವ್ರು ಮಾತು ಕೊಟ್ಟಾನ."

ಅಂಗಿಯ ಜೇಬಿನಿಂದ ಅವನು ಒಂದು ಕಾರ್ಡನ್ನು ತೆಗೆದ. ಸುಗುಣಾಕರರಿಗೆ ವಿವರಣೆ ಬೇಕಾಗಿರಲಿಲ್ಲ. ಹೊಸ ವರ್ಷದ ಆರಾಧನೆಯಲ್ಲಿ ಬುಟ್ಟಿಯೊಳಗೆ ಕೈಹಾಕಿ, ಪ್ರತಿಯೊಬ್ಬರೂ ಒಂದೊಂದು ವಾಗ್ದಾನದ ಕಾರ್ಡು ಎತ್ತುವುದು ಅಲ್ಲಿನ ದೇವಾಲಯಗಳಲ್ಲೆಲ್ಲ ಇರುವ ವಾಡಿಕೆ. ಮೇಲೊಂದು ಹೂವಿನ ಚಿತ್ರ, ಕೆಳಗೊಂದು ಬೈಬಲಿನ ವಾಕ್ಯ. ಆ ವರ್ಷಕ್ಕೆ ದೇವರು ತನಗಾಗಿಯೇ ಆಡಿದ ಮಾತೆಂದು ಅದನ್ನು ಕೆಲವರು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ; ಕೆಲವರು ಬೀರುವಿನ ಬಾಗಿಲಿಗೆ ಅಂಟಿಸುತ್ತಾರೆ. ಸುಮಂತನ ಕಾರ್ಡಿನಲ್ಲಿ, ನಿನ್ನ ಬಾಯನ್ನು ಹೊಸ ಹಾಡಿನಿಂದ ತುಂಬುವೆನೆಂಬ ಅರ್ಥದ ಮಾತಿತ್ತು. ಬೆವರಿನಿಂದ ಅದರ ಅಂಚು ಮೆತ್ತಗಾಗಿತ್ತು.

"ಬಾಯಿ ತುಂಬ ಹಾಡಸ್ತೀನಿ ಅಂತ ಅವನು ಹೇಳ್ತಾನ. ಗಂಟಲು ತೆಗೀತೀನಿ ಅಂತ ಡಾಕ್ಟರಮ್ಮ ಹೇಳ್ತಾರ. ನಾನು ಇಲ್ಲಿ ಮಲಗಿಕೊಂಡ್ರೆ ಅವನು ಸುಳ್ಳು ಹೇಳಿದ ಅಂತ ನಾನೇ ಒಪ್ಪಿಕೊಂಡಂಗ. ಹೌದೋ ಇಲ್ವೋ?"

ಸುಗುಣಾಕರರು ಕಾರ್ಡನ್ನು ತೆಗೆದುಕೊಂಡು ಓದಿ, ಅವನ ಕೈಗೇ ಮರಳಿ ಕೊಟ್ಟರು.

"ನೀವು ಕೊಯ್ಸಿಕೊಂಡ ವರ್ಷ ನಿಮ್ಮ ಕಾರ್ಡಿನಲ್ಲಿ ಏನಿತ್ತು? ಹೇಳ್ರಿ ನೋಡೋಣ."

"ನಿನ್ನ ಜೋಡಿ ಇರ್ತೀನಿ ಅಂತ ಇತ್ತು."

"ಅಷ್ಟೇನಾ?"

"ನಾನೂ ಅವಾಗ ಹಂಗ ಅಂದಿದ್ದೆ. ಅಷ್ಟೇನಾ ಅಂತ."

ಸುಮಂತ್ ಮುಖ ತಿರುಗಿಸಿಕೊಂಡ. ಕಿಟಕಿಯ ಹೊರಗೆ ಬಿಸಿಲು ಆಗಲೇ ಓರೆಯಾಗುತ್ತಿತ್ತು. ಕಾರು ಬರುವ ಹೊತ್ತು ಹತ್ತಿರವಾಗಿತ್ತು. ಹೇಮಾಕ್ಷಿ ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡುತ್ತಿದ್ದಳು.

"ನೋಡಪಾ," ಎಂದು ಯಂತ್ರ ಮತ್ತೆ ಗುಂಯ್ಗುಟ್ಟಿತು. "ದನಿ ಹೋದಮ್ಯಾಲೂ..."

"ಬ್ಯಾಡ ಕಾಕಾ! ಆ ಮಷಿನ್ ತೆಗೀರಿ!" ಅವನು ಕೂಗಲು ಹೋದ, ಕೂಗು ಸಿಳ್ಳೆಯಾಯಿತು. "ನನಗ ನಿಮ್ಮ ದನಿ ನೆನಪದ. ಈ ದನಿ ನಾನು ಕೇಳಲಾರೆ. ನಿಮಗ ನಂಬಿಕೆ ಸಾಲಲಿಲ್ಲ, ಕೊಯ್ಸಿಕೊಂಡ್ರಿ. ನಿಮ್ಮಂಗ ಆಗೋದಕ್ಕಿಂತ ಸಾಯೋದೇ ಮೇಲು!"

ಹಾಗೆನ್ನುತ್ತಲೇ ಅವನ ಕೈ ಯಂತ್ರವನ್ನು ತಳ್ಳಿತು. ಅದು ಸುಗುಣಾಕರರ ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದು, ಮುಚ್ಚಳ ಬಿಚ್ಚಿಕೊಂಡಿತು. ಒಳಗಿನ ಬ್ಯಾಟರಿ ಮಂಚದ ಕೆಳಗೆ ಉರುಳಿಹೋಯಿತು.

ತಳ್ಳಿದ ಕೈಯನ್ನು ಸುಮಂತ್ ತನ್ನದಲ್ಲವೆಂಬಂತೆ ನೋಡಿಕೊಂಡ. ಹೇಮಾಕ್ಷಿ ಮೊಣಕಾಲೂರಿ ಮಂಚದ ಕೆಳಗೆ ತಡಕಾಡಿ, ಬ್ಯಾಟರಿಯನ್ನು ತಂದು ಹಾಕಿದಳು. ಸುಗುಣಾಕರರು ಗುಂಡಿ ಒತ್ತಿದರು. ಸದ್ದಿಲ್ಲ. ಇನ್ನೊಮ್ಮೆ ಒತ್ತಿದರು. ಯಂತ್ರ ಕೆಟ್ಟಿತ್ತು.

ಸುಗುಣಾಕರರಿಗೆ ಮೊದಲು ಬಂದದ್ದು ಸಿಟ್ಟು, ಬೆನ್ನಿಗೇ ಭಯ. ಇನ್ನು ಇವನಿಗೆ ಹೇಳುವುದಾದರೂ ಹೇಗೆ? ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎದೆಯಲ್ಲಿಯೇ ಉಳಿದವು. ಗುಡ್ಡದ ಮೆಟ್ಟಿಲಿನ ಮೇಲೆ ಕುಳಿತಿದ್ದಾಗಿನಂತೆ ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ತಂದೆಯೇ, ನನ್ನ ಹತ್ತಿರ ಏನೂ ಉಳಿಯಲಿಲ್ಲ. ನೀನು ಇದ್ದೀಯಷ್ಟೆ.

ಅವರು ಎದ್ದು ಹೋಗಲಿಲ್ಲ. ಸ್ಟೂಲನ್ನು ಇನ್ನೂ ಒಂದು ಗೇಣು ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

ಕೆಳಗೆ ಕಾರಿನ ಹಾರನ್ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸಂಘದ ಹಿರಿಯರಾದ ಆಶೀರ್ವಾದಂ, ಹಿಂದೆ ಐದಾರು ಜನ, ಮೆಲ್ಲಗೆ ಒಳಗೆ ಬಂದರು. ಆಶೀರ್ವಾದಂ ಕೆಟ್ಟವರಲ್ಲ. ಸುಮಂತನಿಗಾಗಿ ನಿಜವಾಗಿಯೂ ಉಪವಾಸವಿದ್ದು, ಅವರ ತುಟಿ ಒಣಗಿತ್ತು. "ಹೊರಡೋಣವಾ ಬ್ರದರ್?" ಎಂದು ತೆಲುಗಿನಲ್ಲಿ ಕೇಳಿ, ಅವನ ತಲೆಯ ಮೇಲೆ ಕೈ ಇಟ್ಟರು. "ಹೊರಡುವ ಮುಂಚೆ ಒಂದು ಪಲ್ಲವಿ. ನೀವೇ ಎತ್ತಿ. ನಾವು ಹಿಂದಿನಿಂದ ಹಾಡುತ್ತೇವೆ."

ಹೇಮಾಕ್ಷಿ "ಬೇಡ," ಎಂದಳು. ಯಾರಿಗೂ ಕೇಳಿಸಲಿಲ್ಲ.

ಸುಮಂತ್ ಎದ್ದು ನಿಂತ. ಎಷ್ಟು ಸಭೆಗಳಲ್ಲಿ ಹೀಗೆ ಎದ್ದು ನಿಂತಿದ್ದನೋ! ಎದೆ ತುಂಬ ಉಸಿರನ್ನು ಒಮ್ಮೆಲೇ ಎಳೆದುಕೊಳ್ಳಲು ಹೋದ. ಉಸಿರು ಬರಲಿಲ್ಲ. ಸಿಳ್ಳೆಯ ಸದ್ದು ಎತ್ತರಕ್ಕೇರಿ ಕಡಿದುಹೋಯಿತು. ಕತ್ತಿನ ನರಗಳು ಹಗ್ಗದಂತೆ ಬಿಗಿದವು. ಅವನು ಮಂಚದ ಮೇಲೆ ಕುಸಿದು, ಗಾಳಿಯನ್ನು ಕೈಯಿಂದ ಹಿಡಿಯುವವನಂತೆ ಬಡಿದಾಡಿದ. ಬಂದವರು ಇದನ್ನು ಆತ್ಮದ ಹೋರಾಟವೆಂದು ತಿಳಿದರೋ ಏನೋ, ಒಮ್ಮೆಲೇ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಕೋಣೆ ತುಂಬ ದನಿಗಳು. ಹೇಮಾಕ್ಷಿ ಡಾಕ್ಟರನ್ನು ಕೂಗುತ್ತ ಹೊರಗೆ ಓಡಿದಳು.

ಸುಗುಣಾಕರರು ಎದ್ದರು. ಬಲಗೈಯನ್ನು ಮೇಲೆತ್ತಿ, ಫಕ್ಕನೆ ಮುಷ್ಟಿ ಕಟ್ಟಿದರು.

ಹಾಡುವವರಿಗೆಲ್ಲ ಅರ್ಥವಾಗುವ ಸನ್ನೆ ಅದು: ನಿಲ್ಲಿಸಿ. ಆಶೀರ್ವಾದಂ ಬಾಯಿ ಮುಚ್ಚಿದರು. ಉಳಿದವರೂ ಮುಚ್ಚಿದರು. ಆ ಮೌನದಲ್ಲಿ ಸುಮಂತನ ಗಂಟಲಿನ ಸದ್ದೊಂದೇ ಉಳಿಯಿತು. ಕೇಳುವುದಕ್ಕೇ ಹೆದರಿಕೆಯಾಗುವಂಥ ಸದ್ದು.

ಸುಗುಣಾಕರರು ಅವನ ಎದುರಿಗೆ ಮಂಚದ ಮೇಲೆ ಕುಳಿತು, ತಮ್ಮ ಕೊರಳಪಟ್ಟಿಯನ್ನು ಕಿತ್ತೆಸೆದರು. ಇಷ್ಟು ವರ್ಷ ಹೆಂಡತಿಯನ್ನೂ ಡಾಕ್ಟರನ್ನೂ ಬಿಟ್ಟರೆ ಯಾರ ಮುಂದೆಯೂ ತೆರೆಯದ ತೂತು ಅದು. ಬಡಿದಾಡುತ್ತಿದ್ದ ಅವನ ಎಡಗೈಯನ್ನು ಹಿಡಿದು, ಅಂಗೈಯನ್ನು ತಮ್ಮ ಕುತ್ತಿಗೆಯ ಮುಂದೆ ತಂದರು. ಬೆಚ್ಚಗಿನ ಉಸಿರು ಅವನ ಅಂಗೈಗೆ ತಾಗಿತು. ಹೋಯಿತು. ಮತ್ತೆ ಬಂತು. ಅವನ ಬೆದರಿದ ಕಣ್ಣು ಅವರ ಮುಖದ ಮೇಲೆ ನಿಂತಿತು.

ಆಗ ಸುಗುಣಾಕರರ ಬಲಗೈ ಮೆಲ್ಲನೆ ಮೇಲೇರಿತು.

ತೆಲುಗಿನ ಲಿಪಿಯಲ್ಲಿ ಬರೆದ ಕನ್ನಡದ ಹಾಳೆಗಳು, ಹಿಂದಿನ ಸಭಾಂಗಣ, ಬಾಯಿ ತೆರೆಯಲು ಚಡಪಡಿಸುವ ಮಕ್ಕಳು: ಆ ಕೈಯ ಏರಿಕೆಯಲ್ಲಿ ಎಲ್ಲವೂ ಇತ್ತು. ಅವಸರವಿಲ್ಲ. ಎಳೆ. ಸಣ್ಣಗೆ ಎಳೆ. ಸ್ಟ್ರಾದಷ್ಟು ದಾರಿಯಲ್ಲಿ ಸ್ಟ್ರಾದಷ್ಟೇ ಎಳೆ. ಕೈ ಮೇಲೆ ನಿಂತಿತು. ಇಳಿಯಿತು. ಬಿಡು. ಸುಮಂತ್ ತಪ್ಪಿದ, ಕೆಮ್ಮಿದ, ಕಣ್ಣು ಹೊರಳಿಸಿದ. ಕೈ ಮತ್ತೆ ಮೇಲೇರಿತು. ಸಿಟ್ಟಿಲ್ಲದೆ, ಅದೇ ನಿಧಾನದಲ್ಲಿ. ಒಂದು ಎಳೆ ಗಾಳಿ ಒಳಗೆ ಹೋಯಿತು. ಕೈ ಇಳಿಯಿತು. ಇನ್ನೊಂದು ಎಳೆ. ತಮಗರಿವಿಲ್ಲದೆಯೇ ಆಶೀರ್ವಾದಂ ಮತ್ತು ಜೊತೆಯವರು ಆ ಕೈಯೊಂದಿಗೆ ಉಸಿರಾಡತೊಡಗಿದ್ದರು. ಯಾರೂ ಮಾತನಾಡದ ಆ ಕೋಣೆ ಒಂದೇ ಎದೆಯಾಗಿ ಏರಿ ಇಳಿಯಿತು.

ಸುಗುಣಾಕರರ ತೋಳು ನೋಯುತ್ತಿತ್ತು. ಅವರು ಪ್ರಾರ್ಥಿಸುತ್ತಿರಲಿಲ್ಲ, ಪ್ರಾರ್ಥನೆಗೆ ಪುರಸೊತ್ತಿರಲಿಲ್ಲ. ಆದರೆ ಬೆಂಚಿನ ಇನ್ನೊಂದು ತುದಿ ಖಾಲಿಯಿಲ್ಲವೆಂಬುದು ಮಾತ್ರ ಅವರಿಗೆ ಗೊತ್ತಿತ್ತು.

ಡಾಕ್ಟರ್ ಲಕ್ಷ್ಮೀಕಾಂತಮ್ಮ ಓಡಿಬಂದರು. ಹಿಂದೆಯೇ ಹೇಮಾಕ್ಷಿ ಬಂದಳು, ದಾದಿಯರು ತಳ್ಳುಗಾಡಿಯನ್ನು ತಂದರು. ಡಾಕ್ಟರು ಒಂದೇ ನೋಟದಲ್ಲಿ ಅರ್ಥಮಾಡಿಕೊಂಡು, ಸುಮಂತನ ಮುಖದ ಹತ್ತಿರ ಬಾಗಿದರು.

"ಸುಮಂತ್, ಕೇಳಿ. ಈಗಲೇ ಕುತ್ತಿಗೆಯಲ್ಲಿ ದಾರಿ ಮಾಡಬೇಕು. ಇನ್ನು ಸ್ವಲ್ಪ ಹೊತ್ತಾದ್ರೆ ನನ್ನ ಕೈಯಲ್ಲೂ ಇರೋದಿಲ್ಲ. ಒಪ್ತೀರಾ?"

ಸುಮಂತ್ ಆಶೀರ್ವಾದಂ ಅವರ ಕಡೆ ನೋಡಿದ. ಆ ಹಿರಿಯರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಹೆಂಡತಿಯ ಕಡೆ ನೋಡಿದ. ಕಡೆಗೆ ಸುಗುಣಾಕರರ ಕಡೆ ನೋಡಿದ. ಸುಗುಣಾಕರರಿಗೆ ತಲೆಯಾಡಿಸಿಬಿಡಬೇಕೆನಿಸಿತು. ಹೂಂ ಅನ್ನೋ ಮಗನೇ ಎಂದು ಎದೆ ಕೂಗಿತು. ಆದರೆ ಅವರು ತಲೆಯಾಡಿಸಲಿಲ್ಲ. ಆ ಒಪ್ಪಿಗೆ ಅವನದೇ ಆಗಬೇಕಾಗಿತ್ತು. ಅವರ ಕೈ ಮಾತ್ರ ಏರಿತು, ಇಳಿಯಿತು.

ಸುಮಂತನ ಅಂಗೈ ಅವರ ಕುತ್ತಿಗೆಗೆ ಇನ್ನೂ ಹತ್ತಿರವಾಯಿತು. ಅಲ್ಲಿ ಬಂದು ಹೋಗುವ ಉಸಿರನ್ನು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುವವನಂತೆ. ಆಮೇಲೆ ಅವನು ತಲೆಯಾಡಿಸಿದ.

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿನವರೆಗೂ ಆ ಕೈ ಏರುತ್ತ ಇಳಿಯುತ್ತ ಗಾಡಿಯ ಪಕ್ಕದಲ್ಲಿ ಹೋಯಿತು. ಬಾಗಿಲು ಮುಚ್ಚಿಕೊಂಡಿತು. ಸುಗುಣಾಕರರು ಹೊರಗಿನ ಬೆಂಚಿನ ಮೇಲೆ ಕುಳಿತ ಮೇಲೆಯೇ ತಮ್ಮ ಕುತ್ತಿಗೆ ಬಯಲಾಗಿರುವುದು ಅವರ ಅರಿವಿಗೆ ಬಂತು. ಆಶೀರ್ವಾದಂ ಹತ್ತಿರ ಬಂದು, ಕೋಣೆಯ ನೆಲದ ಮೇಲೆ ಬಿದ್ದಿದ್ದ ಕೊರಳಪಟ್ಟಿಯನ್ನು ತಂದುಕೊಟ್ಟರು. ಏನೋ ಹೇಳಬೇಕೆಂದು ಬಾಯಿ ತೆರೆದರು. ಸುಗುಣಾಕರರು ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಹೇಮಾಕ್ಷಿಯೂ ಬಂದು ಕುಳಿತಳು. ಮೂವರೂ ಆ ಬಾಗಿಲನ್ನು ನೋಡುತ್ತ ಕುಳಿತರು. ಒಳಗಿನಿಂದ ಯಾವ ಸದ್ದೂ ಇಲ್ಲ. ಹೇಮಾಕ್ಷಿ ಸೆರಗಿನ ತುದಿಯನ್ನು ತಿರುಚಿ ತಿರುಚಿ ನೂಲು ಬಿಡಿಸಿಬಿಟ್ಟಳು.

ಬಾಗಿಲು ತೆರೆದಾಗ ಡಾಕ್ಟರು ಮುಖವಸ್ತ್ರವನ್ನು ಕೆಳಗೆ ಎಳೆದುಕೊಂಡರು. "ಉಸಿರಾಡ್ತಾ ಇದಾರೆ," ಎಂದರು. "ಆರಾಮಾಗಿ, ಹೊಟ್ಟೆಯಿಂದ. ಇಷ್ಟು ಚೆನ್ನಾಗಿ ಉಸಿರಾಡೋ ಪೇಷೆಂಟನ್ನ ನಾನು ನೋಡಿಲ್ಲ. ಯಾರು ಕಲಿಸಿದ್ರೋ!"

ಹೇಮಾಕ್ಷಿ ಅಳುತ್ತಳುತ್ತ ನಕ್ಕಳು.

ಮುಂದಿನ ವಾರ ಗಂಟಲಿನ ದೊಡ್ಡ ಶಸ್ತ್ರಚಿಕಿತ್ಸೆಗೆ ಸುಮಂತ್ ತಾನಾಗಿಯೇ ಒಪ್ಪಿದ. ಅದರ ಹಿಂದಿನ ದಿನ ಅವನು ಆ ಕಾರ್ಡನ್ನು ಸುಗುಣಾಕರರ ಮುಂದೆ ಹಿಡಿದು, ಹುಬ್ಬೇರಿಸಿದ. ಇದಕ್ಕೇನಂತೀರಿ ಎಂಬ ಪ್ರಶ್ನೆ. ಸುಗುಣಾಕರರು ರಿಪೇರಿಯಾಗಿ ಬಂದಿದ್ದ ಯಂತ್ರವನ್ನು ಒತ್ತಿಕೊಂಡರು.

"ನನಗ ತಿಳೀದಪಾ. ಸುಳ್ಳ ತಿಳಿದವರಂಗ ಹೇಳಾಕ ಬರೂದಿಲ್ಲ. ಅಂವ ಏನು ಅಂದಾನೋ ಅಂವನ್ನ ಕೇಳು. ಜೋಡೀನ ಇದ್ದಾನಲ್ಲ."

ಸುಮಂತ್ ಕಾರ್ಡನ್ನು ಹರಿಯಲಿಲ್ಲ, ಎಸೆಯಲೂ ಇಲ್ಲ. ಮತ್ತೆ ಜೇಬಿನಲ್ಲಿ ಇಟ್ಟುಕೊಂಡ.

ದನಿ ಹೋದ ಮೇಲಿನ ದಿನಗಳು ಅವನಿಗೂ ಸುಲಭವಾಗಿರಲಿಲ್ಲ. ಅವನೂ ಗೋಡೆಗೆ ಮುಖ ಮಾಡಿ ಮಲಗಿದ. ಅವನೂ ಭಾನುವಾರ ಮನೆಯಲ್ಲಿಯೇ ಉಳಿದ. ಸುಗುಣಾಕರರು ಬಂದಾಗಲೆಲ್ಲ ಅವನನ್ನು ಕೃಷ್ಣೆಯ ದಂಡೆಗೆ ಕರೆದುಕೊಂಡು ಹೋಗಿ, ಬ್ಯಾರೇಜಿನ ನೀರನ್ನು ನೋಡುತ್ತ ಕೂಡುತ್ತಿದ್ದರು. ಇಬ್ಬರೂ ಯಂತ್ರಗಳನ್ನು ಚೀಲದಲ್ಲಿಯೇ ಬಿಟ್ಟಿರುತ್ತಿದ್ದರು. ಒಂದು ಸಂಜೆ ಸುಮಂತ್ ಥಟ್ಟನೆ ತಲೆಯೆತ್ತಿ, ಪಕ್ಕದಲ್ಲಿ ಯಾರೋ ಬಂದು ಕುಳಿತರೇನೋ ಎಂಬಂತೆ ತಿರುಗಿ ನೋಡಿದ. ಸುಗುಣಾಕರರು ನೋಡಿಯೂ ನೋಡದವರಂತೆ ನೀರಿನ ಕಡೆಗೇ ಕಣ್ಣಿಟ್ಟರು.

ಮಳೆಗಾಲ ಮುಗಿದ ಮೇಲೆ ಡಾಕ್ಟರ್ ಲಕ್ಷ್ಮೀಕಾಂತಮ್ಮ ಮತ್ತೆ ಹೇಳಿಕಳುಹಿಸಿದರು. ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿ. ಹರಾಜು ಕೂಗಿ ಕೂಗಿ ಬದುಕಿದವನು. ಕೂಗು ಹೋದರೆ ಮಂಡಿಯಲ್ಲಿ ತನ್ನನ್ನು ನಾಯಿಯೂ ಮೂಸದೆಂದು, ಆಪರೇಶನ್ನಿಗೆ ಒಪ್ಪದೆ ಕುಳಿತಿದ್ದಾನೆ. ಸುಗುಣಾಕರರು ರೈಲು ಹಿಡಿದು ವಿಜಯವಾಡದ ಆಸ್ಪತ್ರೆಗೆ ಬಂದರು. ಕೋಣೆಯ ಬಾಗಿಲಿನವರೆಗೆ ಬಂದವರು, ಜೊತೆಗಿದ್ದ ಸುಮಂತನ ಬೆನ್ನಿಗೆ ಕೈಯಿಟ್ಟು ಒಳಗೆ ತಳ್ಳಿ, ತಾವು ಹೊರಗಿನ ಬೆಂಚಿನ ಮೇಲೆ ಕುಳಿತುಬಿಟ್ಟರು.

ಒಳಗಿನಿಂದ ವ್ಯಾಪಾರಿಯ ಗದರಿಕೆ ತೆಲುಗಿನಲ್ಲಿ ಕೇಳಿಸಿತು: "ಇದೇನಯ್ಯಾ, ಕುತ್ತಿಗೆಗೆ ಕ್ಷೌರದ ಮಷಿನ್ ಹಿಡಿದುಕೊಂಡು ಬಂದೆ?"

ಆಮೇಲೆ ಏನೂ ಕೇಳಿಸಲಿಲ್ಲ. ಸುಗುಣಾಕರರಿಗೆ ಎದ್ದು ಹೋಗಿ ನೋಡಲೇ ಎನಿಸಿತು, ಹೋಗಲಿಲ್ಲ. ಅವರ ಬಲಗೈ ತೊಡೆಯ ಮೇಲೆ ತಾನಾಗಿಯೇ ಕೊಂಚ ಏರಿತು, ಕೊಂಚ ಇಳಿಯಿತು. ಬಾಗಿಲಿನ ಗಾಜಿನಲ್ಲಿ ಕಾಣುವಷ್ಟು ಕಂಡಿತು: ಸುಮಂತ್ ತನ್ನ ಕೊರಳಪಟ್ಟಿಯನ್ನು ಬಿಚ್ಚುತ್ತಿದ್ದ. ಹೊಸದು ಅದು, ಸುಕುಮಾರಿ ಹೆಣೆದದ್ದು. ಬೆಲ್ಲ ಎತ್ತಿ ಎತ್ತಿ ಜಡ್ಡುಗಟ್ಟಿದ ಆ ವ್ಯಾಪಾರಿಯ ದೊಡ್ಡ ಕೈ ಮೊದಲು ಹಿಂಜರಿಯಿತು. ಆಮೇಲೆ ಮೆಲ್ಲಗೆ, ತಾನಾಗಿಯೇ ಮುಂದಕ್ಕೆ ಬಂತು.